ಎಡಗಡೆಯ ಮುಂದಿನ ಚಕ್ರ

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹೆಡ್ ಮೆಕ್ಯಾನಿಕ್ ಇಲ್ಯಾಸ್ ಭಾಯ್ ನನ್ನನ್ನು ವರ್ಕ್‌ಶಾಪಿನ ಅಂಗಳಕ್ಕೆ ಕರೆದು, ಎಂಜಿನ್ ಚಾಲೂ ಇದ್ದ ಒಂದು ಬಿಳಿ ಕಾರಿನ ಮುಂದೆ ನಿಲ್ಲಿಸಿದರು. ಬಾನೆಟ್ ತೆರೆದಿತ್ತು. ಒಳಗಿನಿಂದ ಕಟಕಟ ಎಂದು ಸದ್ದು ಬರುತ್ತಿತ್ತು. ಏನು ತೊಂದರೆ ಹೇಳಿ ಎಂದರು. ನಾನು ಗದಗದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರ ಮಗಳು. ಆಟೊಮೊಬೈಲ್ ಡಿಪ್ಲೊಮಾ ಓದುವಾಗ ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿ. ಆ ಜಂಬ ಇನ್ನೂ ಪೂರ್ತಿ ಇಳಿದಿರಲಿಲ್ಲ. ಎರಡು ನಿಮಿಷ ಕಿವಿಗೊಟ್ಟು, ಎಂಜಿನ್ ಒಳಗಿನ ಟ್ಯಾಪೆಟ್ ಸಡಿಲವಾಗಿದೆ ಎಂದೆ. ಅವರು ನಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ತಗೊಂಡು ಸೈಲೆನ್ಸರ್ ಪೈಪಿನ ಮೇಲಿದ್ದ ತಗಡನ್ನು ಒತ್ತಿ ಹಿಡಿದರು. ಸದ್ದು ನಿಂತಿತು. ಕೈ ತೆಗೆದರು, ಮತ್ತೆ ಶುರುವಾಯಿತು. ತಗಡಿನ ಒಂದು ಬೋಲ್ಟ್ ಬಿದ್ದುಹೋಗಿತ್ತು, ಅಷ್ಟೆ.

"ಕಿವಿ ಬರೀ ಅನುಮಾನ ಹುಟ್ಟಿಸುತ್ತೆ ಬೆಹನ್‌ಜೀ," ಎಂದರು. "ನಿಜ ಗೊತ್ತಾಗೋದು ಕೈಗೆ."

ಆ ಮಾತನ್ನು ನಾನು ಅವತ್ತೇ ಸರಿಯಾಗಿ ಕಲಿತಿದ್ದರೆ ಮುಂದೆ ನಾನು ಹೇಳಬೇಕಾದ ಸಂಗತಿ ನಡೆಯುತ್ತಲೇ ಇರಲಿಲ್ಲ. ಈಗ ಕಾರ್ ವರ್ಕ್‌ಶಾಪುಗಳ ಕೌಂಟರಿನಲ್ಲಿ ಹೆಣ್ಣುಮಕ್ಕಳು ಬೇಕಾದಷ್ಟು ಜನ ಇದ್ದಾರಂತೆ. ಸಂತೋಷ. ಅವರಿಗೆ ಕಂಪನಿಯವರು ಟ್ರೈನಿಂಗ್ ಕೊಡುತ್ತಾರೆ, ನಗುವುದು ಹೇಗೆ ಎಂಬುದನ್ನೂ ಕಲಿಸುತ್ತಾರೆ. ಕಲಿಸದೆ ಬಿಡುವ ಕೆಲವು ವಿಷಯಗಳನ್ನು ನನಗೆ ಆದ ಹಾಗೆ ಹೇಳೋಣ ಅಂತ ಕೂತಿದ್ದೇನೆ.

ನನ್ನ ಗಂಡ ರಘುನಾಥರಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಮನೆ ಜನಕಪುರಿಯಲ್ಲಿ. ಮಗಳು ಅದಿತಿ ಏಳನೇ ಕ್ಲಾಸಿಗೆ ಬಂದ ಮೇಲೆ, ಓದಿದ್ದು ದಂಡವಾಗುತ್ತಿದೆ ಅನ್ನಿಸಿ, ಮನೆಯಿಂದ ಎರಡು ಬಸ್ ಸ್ಟಾಪ್ ದೂರದ ವರ್ಕ್‌ಶಾಪಿಗೆ ಅರ್ಜಿ ಹಾಕಿದೆ. ಅಲ್ಲಿನ ಮ್ಯಾನೇಜರ್ ಗ್ರೋವರ್ ಸಾಹೇಬರು ನನ್ನನ್ನು ತಗೊಂಡಿದ್ದು ಫೋನ್ ಎತ್ತುವುದಕ್ಕೆ. ಎರಡು ತಿಂಗಳ ನಂತರ ಸರ್ವಿಸ್ ಕೌಂಟರಿನವನೊಬ್ಬ ಕೆಲಸ ಬಿಟ್ಟು ಹೋದಾಗ, ಬೇರೆ ಯಾರೂ ಸಿಗದೆ ನನ್ನನ್ನು ಅಲ್ಲಿ ಕೂರಿಸಿದರು. ಗಿರಾಕಿ ಬಂದರೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ತೊಂದರೆ ಕೇಳಿ, ಜಾಬ್ ಕಾರ್ಡ್ ಬರೆದು ಒಳಗೆ ಕಳಿಸುವುದು. ಸಂಜೆ ಕೆಲಸ ಮುಗಿದ ಕಾರನ್ನು ಪರೀಕ್ಷಿಸಿ ಸಹಿ ಹಾಕಿ ಕೀಲಿ ಕೊಡುವುದು. ಇದು ನನ್ನ ಕೆಲಸ.

ಮೊದಮೊದಲು ಬಂದವರೆಲ್ಲ ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು, ಗಂಡಸು ಯಾರಾದರೂ ಇದ್ದಾರೆಯೇ ಅಂತ. ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದು ಅವರ ಕಣ್ಣೆದುರಿಗೇ ತಟ್ಟುತ್ತಿದ್ದೆ. ಮೇ ತಿಂಗಳ ಆಂಧಿಯ, ಅಂದರೆ ಧೂಳು ಬಿರುಗಾಳಿಯ, ನಂತರ ದೆಹಲಿಯ ಯಾವ ಕಾರಿನ ಫಿಲ್ಟರ್ ತಟ್ಟಿದರೂ ಒಂದು ಹಿಡಿ ಧೂಳು ಬೀಳುತ್ತಿತ್ತು. ಅದನ್ನು ನೋಡಿದ ಮೇಲೆ ಗಿರಾಕಿ ನನ್ನ ಕಡೆಗೇ ತಿರುಗಿ ಮಾತಾಡುತ್ತಿದ್ದ. ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು. ರಸ್ತೆಯ ತುಂಬ ಮಣ್ಣು, ಕಬ್ಬಿಣದ ಚೂರು, ಮೊಳೆ. ದಿನಕ್ಕೆ ನಾಲ್ಕಾದರೂ ಕಾರು ಟೈರಿನಲ್ಲಿ ಏನನ್ನೋ ಚುಚ್ಚಿಸಿಕೊಂಡು ಬರುತ್ತಿದ್ದವು. ಸಂಜೆ ಮನೆಗೆ ಹೋದರೆ ಅದಿತಿ ಮೂಗು ಮುಚ್ಚಿಕೊಂಡು, "ಅಮ್ಮಾ, ನಿನ್ನ ದುಪಟ್ಟಾಲಿ ಪೆಟ್ರೋಲ್ ಕಾ ಸ್ಮೆಲ್ ಆತಾ ಹೈ," ಅನ್ನುತ್ತಿದ್ದಳು. ಈಗಲೂ ಪೆಟ್ರೋಲ್ ಬಂಕಿನಲ್ಲಿ ಆ ವಾಸನೆ ಬಂದರೆ ನಾನು ಒಂದು ಕ್ಷಣ ಕಣ್ಣು ಮುಚ್ಚುತ್ತೇನೆ.

ಜಾಬ್ ಕಾರ್ಡಿನಲ್ಲಿ ಗಿರಾಕಿಯ ದೂರು ಬರೆಯಲು ನಾಲ್ಕು ಸಾಲಿನ ಜಾಗ ಇರುತ್ತಿತ್ತು. ಅಲ್ಲಿ "ಸ್ಟಾರ್ಟಿಂಗ್ ಪ್ರಾಬ್ಲಂ", "ಪಿಕಪ್ ಕಡಿಮೆ", "ಜನರಲ್ ಚೆಕಪ್" ಹೀಗೆ ಮೂರು ನಾಲ್ಕು ಮಾತುಗಳನ್ನೇ ಎಲ್ಲರೂ ಬರೆಯುತ್ತಿದ್ದರು. ಗ್ರೋವರ್ ಸಾಹೇಬರಿಗೂ ಅದೇ ಇಷ್ಟ. ಕಾಗದ ನೀಟಾಗಿ ಕಾಣಬೇಕು. ನಾನೂ ಹಾಗೇ ಬರೆಯುತ್ತಿದ್ದೆ, ಸುನೀತಾ ಮೆಹ್ತಾ ಎಂಬುವರು ಮೂರನೇ ಸಲ ಅದೇ ಕಾರು ತಗೊಂಡು ಬರುವ ತನಕ.

ಆಕೆ ಬ್ಯಾಂಕಿನಲ್ಲಿದ್ದವರು. ಕಾರು ದಾರಿಯಲ್ಲಿ ನಿಂತುಬಿಡುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತೆ. ಎರಡು ಸಲ ಪ್ಲಗ್ ಬದಲಾಯಿಸಿದ್ದೆವು, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ತೊಳೆದಿದ್ದೆವು. ನಮ್ಮವರು ಓಡಿಸಿ ನೋಡಿದಾಗ ಒಂದು ಸಲವೂ ನಿಂತಿರಲಿಲ್ಲ. ಮೂರನೇ ಸಲ ಆಕೆ ಕುರ್ಚಿಯಲ್ಲಿ ಕೂತು ಅತ್ತೇಬಿಟ್ಟರು. ಯಾವಾಗ ನಿಲ್ಲುತ್ತೆ, ಯಾರು ಯಾರು ಇರುತ್ತಾರೆ ಎಂದು ಒಂದೊಂದೇ ಕೇಳಿದೆ. ಸಂಕೋಚದಿಂದ ಹೇಳಿದರು: ಮಂಗಳವಾರ ಅತ್ತೆಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗ ಮಾತ್ರ. ಒಬ್ಬರೇ ಇದ್ದಾಗ ಎಂದೂ ಇಲ್ಲ. ಹೀಗೆ ಹೇಳಿದರೆ ಮನೆಯಲ್ಲಿ ಜಗಳ, ಇಲ್ಲಿ ನಗು, ಅದಕ್ಕೇ ಹೇಳಿರಲಿಲ್ಲ.

ನಾನು ಆ ನಾಲ್ಕು ಸಾಲಿನಲ್ಲಿ ಅದನ್ನೇ ಬರೆದೆ. ಅತ್ತೆ ಕೂತಾಗ ಮಾತ್ರ ಕಾರು ನಿಲ್ಲುತ್ತದೆ. ಗ್ರೋವರ್ ಸಾಹೇಬರು ಕಾರ್ಡ್ ನೋಡಿ, ಇದನ್ನು ಕಂಪನಿಯ ಆಡಿಟರು ಓದುತ್ತಾರೆ, ಏನು ತಮಾಷೆ ಇದು ಎಂದು ಸಿಡುಕಿದರು. ಇಲ್ಯಾಸ್ ಭಾಯ್ ಮಾತ್ರ ಕಾರ್ಡನ್ನು ಎರಡು ಸಲ ಓದಿಸಿಕೊಂಡು, ಅತ್ತೆ ಯಾವ ಸೀಟಿನಲ್ಲಿ ಕೂರುತ್ತಾರೆ ಎಂದು ಕೇಳಿದರು. ಹಿಂದಿನ ಸೀಟು, ಎಡಗಡೆ. ಹಾಗಾದರೆ ಅವರನ್ನೂ ಕರೆಸಿ ಎಂದರು.

ಮಾರನೆಯ ದಿನ ಅತ್ತೆ ಬಂದರು. ದೊಡ್ಡ ಆಳು, ಸೀಟಿನಲ್ಲಿ ಕೂತಾಗ ಕಾರು ಒಂದು ಕಡೆಗೆ ವಾಲಿತು. ಇಲ್ಯಾಸ್ ಭಾಯ್ ಕಾರನ್ನು ಅಂಗಳದ ಚರಂಡಿ ತಗಡಿನ ಮೇಲೆ ದಡಕ್ಕೆಂದು ಹಾಯಿಸಿದರು. ಕಾರು ನಿಂತೇಹೋಯಿತು. ಆಮೇಲೆ ಆ ಹಿರಿಯರನ್ನು ಇಳಿಸಿ ಸೀಟು ಎತ್ತಿದರು. ಪೆಟ್ರೋಲ್ ಪಂಪಿನ ವೈರು ಹೋಗುವುದು ಅದೇ ಸೀಟಿನ ಕೆಳಗೆ. ಯಾರೋ ಸೀಟ್ ಕವರ್ ಹಾಕುವಾಗ ವೈರನ್ನು ಸರಿಯಾಗಿ ಒಳಗೆ ಸೇರಿಸಿರಲಿಲ್ಲ. ಅದು ಸೀಟಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿ ಸಿಪ್ಪೆ ಸುಲಿದು ನಿಂತಿತ್ತು. ಭಾರ ಬಿದ್ದಾಗ, ಗುಂಡಿ ಹಾರಿದಾಗ, ಪಂಪಿಗೆ ಕರೆಂಟ್ ತಪ್ಪುತ್ತಿತ್ತು. ಸರಿಮಾಡಲು ಹಿಡಿದದ್ದು ಕಾಲು ಗಂಟೆ.

ಆ ಅತ್ತೆ ಸುಲಿದ ವೈರನ್ನು ಬಹಳ ಹೊತ್ತು ನೋಡುತ್ತಿದ್ದರು. ಸೊಸೆಗೆ ತನ್ನನ್ನು ಕರೆದುಕೊಂಡು ಹೋಗಲು ಇಷ್ಟವಿಲ್ಲ, ಅದಕ್ಕೇ ಏನೋ ನೆಪ ಮಾಡುತ್ತಿದ್ದಾಳೆ ಎಂದು ಒಂದು ವರ್ಷದಿಂದ ತಿಳಿದಿದ್ದರಂತೆ. ಅದನ್ನು ನಮ್ಮೆಲ್ಲರ ಎದುರಿಗೇ ಹೇಳಿ ಸೊಸೆಯ ಕೈ ಹಿಡಿದುಕೊಂಡರು. ಅವತ್ತಿನಿಂದ ನಾನು ಗಿರಾಕಿಯ ಮಾತನ್ನು ತಿದ್ದುವುದು ಬಿಟ್ಟೆ. ಅವರು ಹೇಳುವುದು ವಿಚಿತ್ರವಾಗಿದ್ದಷ್ಟೂ ಹೇಳಿದ ಹಾಗೆಯೇ ಬರೆದುಕೊಳ್ಳಿ.

ಹೊಸ ಕಾರುಗಳು ಬಂದ ಹಾಗೆ ಇಲ್ಯಾಸ್ ಭಾಯ್‌ಗೆ ಕಷ್ಟವಾಗುತ್ತ ಬಂತು. ಅವರು ಮೀರತ್ ಕಡೆಯವರು. ಹದಿನೈದನೇ ವಯಸ್ಸಿನಿಂದ ಕಾರ್ಬ್ಯುರೇಟರ್ ಬಿಚ್ಚುತ್ತಿದ್ದ ಕೈ ಅದು. ಕಾರ್ಬ್ಯುರೇಟರಿನ ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿ, ಹೊಗೆಯ ಬಣ್ಣ ನೋಡಿ, ಇನ್ನು ಅರ್ಧ ಕೂದಲಿನಷ್ಟು ಅನ್ನುತ್ತಿದ್ದರು. ಹೊಸ ಎಂಜಿನ್‌ಗಳಿಗೆ ಆ ತಿರುಪೇ ಇರಲಿಲ್ಲ. ಕಂಪನಿ ಒಂದು ಸ್ಕ್ಯಾನರ್ ಕಳಿಸಿತು. ಅದನ್ನು ಕಾರಿಗೆ ಸಿಕ್ಕಿಸಿದರೆ ಇಂಗ್ಲಿಷ್ ಅಕ್ಷರ, ನಂಬರು ಬರುತ್ತಿದ್ದವು. ಅವರಿಗೆ ಉರ್ದು ಓದಲು ಬರುತ್ತಿತ್ತು, ಇಂಗ್ಲಿಷ್ ಇಲ್ಲ. ಕೆಲವು ವಾರ ಅವರು ಆ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಯಂತ್ರ ಹೇಳುತ್ತೆ ಅಂತ ಸೆನ್ಸರ್ ಬದಲಾಯಿಸುವುದು, ಜ್ವರ ಬಂತು ಅಂತ ಥರ್ಮಾಮೀಟರ್ ಬದಲಾಯಿಸಿದ ಹಾಗೆ ಅನ್ನುತ್ತಿದ್ದರು. ಎಷ್ಟೋ ಸಲ ಅದು ನಿಜವೂ ಆಗುತ್ತಿತ್ತು. ಸೆನ್ಸರ್ ಸರಿ ಇರುತ್ತಿತ್ತು, ಪಕ್ಕದ ರಬ್ಬರ್ ಪೈಪು ಬಿರುಕು ಬಿಟ್ಟಿರುತ್ತಿತ್ತು.

ಒಂದು ಚಳಿಗಾಲದ ಮಧ್ಯಾಹ್ನ, ಎಲ್ಲರೂ ಅಂಗಳದಲ್ಲಿ ಬಿಸಿಲು ಕಾಯುತ್ತ ಮೂಲಂಗಿ ತಿನ್ನುತ್ತಿದ್ದಾಗ, ಅವರು ನನ್ನ ಹತ್ತಿರ ಬಂದು ಮೆಲ್ಲಗೆ, ಆ ನಂಬರುಗಳನ್ನು ನನಗೆ ಹೇಳಿಕೊಡ್ತೀರಾ ಎಂದರು. ಮೂವತ್ತು ವರ್ಷ ಉಸ್ತಾದ್ ಅನ್ನಿಸಿಕೊಂಡವರು ಹಾಗೆ ಕೇಳಲು ಎಷ್ಟು ದಿನ ಯೋಚಿಸಿದ್ದರೋ. ನಾನು ಇಂಗ್ಲಿಷಿನಲ್ಲಿ ಕೋಡ್ ಬರೆದು ಅರ್ಥ ಹೇಳುತ್ತಿದ್ದೆ, ಅವರು ಪಕ್ಕದಲ್ಲಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ತಿಂಗಳಲ್ಲಿ ಒಂದು ನೋಟ್‌ಬುಕ್ ತುಂಬಿತು. ಅದಕ್ಕೆ ಬದಲಾಗಿ ಅವರು ನನಗೆ ಬ್ರೇಕ್ ಆಯಿಲಿನ ಬಣ್ಣ ನೋಡುವುದು, ಬ್ಯಾಟರಿಗೆ ವೈರು ಸೇರುವ ಕಂಬದ ಮೇಲಿನ ಬಿಳಿ ಪುಡಿ ತೊಳೆಯುವುದು, ಟೈರಿನ ಸವೆತ ನೋಡಿ ಓಡಿಸುವವರ ಸ್ವಭಾವ ಹೇಳುವುದು, ಎಲ್ಲ ಕಲಿಸಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕರ್ನಲ್ ಮಾದಪ್ಪ ಕೊಡಗಿನವರು. ಸೈನ್ಯದಿಂದ ನಿವೃತ್ತರಾಗಿ ದ್ವಾರಕಾದ ಒಂದು ಸೊಸೈಟಿಯಲ್ಲಿ ಹೆಂಡತಿ ದೇಚಮ್ಮನವರ ಜೊತೆ ಇದ್ದರು. ನನ್ನ ಹೆಸರಿನ ಚೀಟಿಯಲ್ಲಿ ಶಾರದಾ ಕುಲಕರ್ಣಿ ಎಂದು ಓದಿ, ಮೊದಲ ದಿನವೇ ಕನ್ನಡದಲ್ಲಿ ಮಾತಾಡಿಸಿದ್ದರು. ಐದು ಸಾವಿರ ಕಿಲೋಮೀಟರು ಆಯಿತೋ ಇಲ್ಲವೋ, ತಮ್ಮ ನೀಲಿ ಬಣ್ಣದ ಚಿಕ್ಕ ಕಾರನ್ನು ತಾವೇ ತರುತ್ತಿದ್ದರು. ಸರ್ವಿಸ್ ಮುಗಿಯುವ ತನಕ ಪತ್ರಿಕೆ ಓದುತ್ತ ಕೂರುತ್ತಿದ್ದರು, ಒಂದು ಸಲವೂ ಗಡಿಯಾರ ತೋರಿಸಿದವರಲ್ಲ.

ಅವತ್ತು ಶುಕ್ರವಾರ. ಅವರ ಮಗ ಡೆಹ್ರಾಡೂನಿನಲ್ಲಿ ಸೈನ್ಯದ ತರಬೇತಿ ಮುಗಿಸಿದ್ದ. ಭಾನುವಾರ ಬೆಳಿಗ್ಗೆ ಪಾಸಿಂಗ್ ಔಟ್ ಪರೇಡ್. ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಕಾರಿನಲ್ಲೇ ಹೊರಡುವವರಿದ್ದರು. ದೂರದ ಪ್ರಯಾಣ, ಎಲ್ಲ ಸರಿಯಾಗಿ ನೋಡಿ ಅಮ್ಮಾ ಎಂದು ಹೇಳಿ, ಅವತ್ತು ಮಾತ್ರ ಸಾಮಾನು ಕಟ್ಟುವುದಿದೆ ಎಂದು ಕಾರು ಬಿಟ್ಟು ಹೋದರು. ಆಯಿಲ್ ಬದಲಾವಣೆ, ಬ್ರೇಕ್ ಸ್ವಚ್ಛ ಮಾಡುವುದು, ಟೈರುಗಳನ್ನು ಹಿಂದಿನದು ಮುಂದಕ್ಕೆ ಹಾಕುವುದು. ಕೆಲಸ ಇಲ್ಯಾಸ್ ಭಾಯ್‌ದು.

ಟೈರು ಹಾಕುವಾಗ ಕಾರು ಲಿಫ್ಟಿನ ಮೇಲೆ ಇರುತ್ತದೆ. ಚಕ್ರದ ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ ಕೂರಿಸುತ್ತಾರೆ. ಕಾರನ್ನು ನೆಲಕ್ಕೆ ಇಳಿಸಿದ ಮೇಲೆ ದೊಡ್ಡ ಪಾನಾ ಹಾಕಿ ಬಿಗಿ ಮಾಡುತ್ತಾರೆ. ಕಾರು ಇಳಿಸಿ ಮೂರು ಚಕ್ರ ಬಿಗಿ ಮಾಡಿ ಆಗಿತ್ತು. ಎಡಗಡೆಯ ಮುಂದಿನ ಚಕ್ರದ ನಟ್ಟುಗಳು ಕೈಬಿಗಿಯಲ್ಲಿ ಇದ್ದಾಗ, ಗೇಟಿನಲ್ಲಿ ಯಾರೋ ದೊಡ್ಡ ಅಧಿಕಾರಿಯ ಕಾರು ಸ್ಟಾರ್ಟ್ ಆಗದೆ ನಿಂತು, ಅವರ ಡ್ರೈವರ್ ಕೌಂಟರಿಗೆ ಬಂದು ಗದ್ದಲ ಮಾಡಿದ. ಗ್ರೋವರ್ ಸಾಹೇಬರು ಊಟಕ್ಕೆ ಹೋಗಿದ್ದರು. ನಾನು ಒಳಗೆ ಓಡಿ, ಇಲ್ಯಾಸ್ ಭಾಯ್, ಅದನ್ನು ಬಿಟ್ಟು ಮೊದಲು ಇಲ್ಲಿಗೆ ಬನ್ನಿ ಎಂದು ಕರೆದೆ. ಒಂದು ಚಕ್ರ ಉಳಿದಿದೆ, ಎರಡೇ ನಿಮಿಷ ಎಂದರು. ನಾನು ಬಿಡಲಿಲ್ಲ. ಅವರು ಬಂದರು. ಅಲ್ಲಿ ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಯಾರೋ ಲಿಫ್ಟ್ ಖಾಲಿ ಬೇಕು ಅಂತ ನೀಲಿ ಕಾರನ್ನು ಅಲ್ಲಿಂದ ತೆಗೆದು, ವೀಲ್ ಕ್ಯಾಪ್ ಹಾಕಿ, ತೊಳೆಯಲು ಕಳಿಸಿದರು. ನಟ್ಟುಗಳು ಕ್ಯಾಪಿನ ಹಿಂದೆ ಮರೆಯಾದವು.

ಸಂಜೆ ಐದಕ್ಕೆ ಪರೀಕ್ಷೆಯ ಪಟ್ಟಿ ನನ್ನ ಮುಂದಿತ್ತು. ಹದಿನೆಂಟು ಸಾಲು. ಅದರಲ್ಲಿ ಒಂದು, ವೀಲ್ ನಟ್ ಬಿಗಿ. ನಿಯಮದ ಪ್ರಕಾರ ನಾನು ಪಾನಾ ಹಾಕಿ ನೋಡಬೇಕು, ಒಂದು ಸುತ್ತು ಓಡಿಸಬೇಕು. ಎದುರಿಗೆ ಆರು ಜನ ನಿಂತಿದ್ದರು. ಇಲ್ಯಾಸ್ ಭಾಯ್ ಮಾಡಿದ ಕೆಲಸ ತಾನೆ ಎಂದು ಹದಿನೆಂಟಕ್ಕೂ ಟಿಕ್ ಹಾಕಿ ಸಹಿ ಮಾಡಿದೆ. ಅವರನ್ನು ಅರ್ಧದಲ್ಲಿ ಕರೆದಿದ್ದು ನಾನೇ ಎಂಬುದು ನನ್ನ ತಲೆಯಿಂದ ಪೂರ್ತಿ ಹೋಗಿತ್ತು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. ಕರ್ನಲ್ ಅವರ ಧ್ವನಿ ಎಂದಿನಂತೆಯೇ ಇತ್ತು. ಮೋದಿನಗರ ದಾಟಿದ ಮೇಲೆ ಸ್ಟಿಯರಿಂಗ್ ನಡುಗಲು ಶುರುವಾಯಿತಂತೆ. ಹಿಂದೆ ಟ್ರಕ್ಕುಗಳ ಸಾಲು. ವೇಗ ಇಳಿಸುತ್ತ ಬದಿಗೆ ತಂದು ನಿಲ್ಲಿಸಿ, ವೀಲ್ ಕ್ಯಾಪ್ ತೆಗೆದು ನೋಡಿದ್ದಾರೆ. ನಾಲ್ಕು ನಟ್ಟಿನಲ್ಲಿ ಎರಡು ಬಿದ್ದುಹೋಗಿದ್ದವು. ಮೂರನೆಯದು ಬೆರಳಿಗೆ ಬಿಚ್ಚಿ ಬಂತು.

"ಎಡಗಡೆಯ ಮುಂದಿನ ಚಕ್ರ," ಎಂದರು. "ದೇಚಮ್ಮ ಆ ಕಡೆಯೇ ಕೂತಿದ್ದಳು."

ಆ ಕ್ಷಣದಲ್ಲಿ ಶುಕ್ರವಾರದ ಮಧ್ಯಾಹ್ನ ಇಡಿಯಾಗಿ ನೆನಪಿಗೆ ಬಂತು. ಗ್ರೋವರ್ ಸಾಹೇಬರ ಕೋಣೆಗೆ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದವರು. ನಿನ್ನೆ ಸಂಜೆ ಆ ಕರ್ನಲ್ ಎಲ್ಲಾದರೂ ಪಂಕ್ಚರ್ ಹಾಕಿಸಿರಬಹುದಲ್ಲ, ಹಾಗೆ ಕೇಳಿ ನೋಡಿ ಎಂದರು. ನಾನು, ಇಲ್ಲ ಸರ್, ತಪ್ಪು ನಮ್ಮದೇ, ಮೊದಲು ಗಾಡಿ ಕಳಿಸಿ ಎಂದೆ. ವರ್ಕ್‌ಶಾಪಿನ ವ್ಯಾನಿನಲ್ಲಿ ಇಲ್ಯಾಸ್ ಭಾಯ್ ಹೊಸ ನಟ್ಟು, ಅದು ಕೂರುವ ಸ್ಟಡ್ಡು, ಸಾಮಾನು ತುಂಬಿಕೊಂಡರು. ನಾನೂ ಹತ್ತಿದೆ. ಕೌಂಟರ್ ಬಿಟ್ಟು ಹೋಗಬೇಡಿ ಎಂದು ಗ್ರೋವರ್ ಸಾಹೇಬರು ಹಿಂದಿನಿಂದ ಕೂಗಿದ್ದು ಕೇಳಿಸಿತು.

ದಾರಿಯಲ್ಲಿ ಇಲ್ಯಾಸ್ ಭಾಯ್ ಒಂದೇ ಮಾತು ಹೇಳಿದ್ದು. "ನೀವು ಕರೆದಿರಿ, ಸರಿ. ಆದರೆ ಹಿಂದಿರುಗಿ ಹೋಗಿ ಮುಗಿಸಬೇಕಾಗಿದ್ದ ಕೈ ನನ್ನದು."

ಹೆದ್ದಾರಿಯ ಬದಿಯ ಢಾಬಾದ ಹಗ್ಗದ ಮಂಚದ ಮೇಲೆ ದೇಚಮ್ಮನವರು ಕೂತಿದ್ದರು. ಪರೇಡಿಗೆ ಅಂತ ಇಸ್ತ್ರಿ ಮಾಡಿದ ಸೀರೆಯ ಕವರ್ ಮಡಿಲಲ್ಲಿತ್ತು; ಕಾರಿನಲ್ಲಿ ಬಿಟ್ಟರೆ ಸುಕ್ಕಾಗುತ್ತೆ ಅಂತ ಹಿಡಿದುಕೊಂಡಿದ್ದರು. ನಾನು ಹತ್ತಿರ ಹೋದೆ. ಆಕೆ ಸರಿದು ಕೂತು, ಬನ್ನಿ, ಚಹಾ ಕುಡಿಯಿರಿ, ದೂರದಿಂದ ಬಂದಿದ್ದೀರಿ ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಎರಡು ಸ್ಟಡ್ಡುಗಳ ತಿರುಪಿನ ಗೆರೆ ತಿಂದುಹೋಗಿತ್ತು, ಚಕ್ರದ ತೂತುಗಳು ಅಗಲವಾಗಿದ್ದವು. ಇಲ್ಯಾಸ್ ಭಾಯ್ ಡಿಸ್ಕ್ ಕಳಚಿ, ಹಳೆಯ ಸ್ಟಡ್ಡು ಹೊಡೆದು ತೆಗೆದು ಹೊಸದು ಹಾಕಿ, ಸ್ಟೆಪ್ನಿ ಚಕ್ರ ಕೂರಿಸಿದರು. ಒಂದೂವರೆ ಗಂಟೆ. ನಟ್ಟುಗಳನ್ನು ಕೈಬಿಗಿ ಮಾಡಿ ಕಾರು ಇಳಿಸಿ, ಪಾನಾ ಎತ್ತಿಕೊಂಡರು. ಆಗ ಕರ್ನಲ್ ಇಲ್ಯಾಸ್ ಭಾಯ್ ಅವರನ್ನು ತಡೆದು, ನನ್ನ ಕಡೆ ನೋಡಿದರು.

"ಸಹಿ ಯಾರದು?"

"ನನ್ನದು ಸರ್," ಎಂದೆ.

"ಹಾಗಾದರೆ ಇದನ್ನು ನೀವು ಬಿಗಿ ಮಾಡಿ. ಅದನ್ನು ನಂಬಿಕೊಂಡು ಮುಂದಕ್ಕೆ ಹೋಗುತ್ತೇನೆ."

ಡಿಪ್ಲೊಮಾ ಮುಗಿಸಿದ ಮೇಲೆ ಚಕ್ರದ ಒಂದು ನಟ್ಟನ್ನೂ ನಾನೇ ಬಿಗಿ ಮಾಡಿರಲಿಲ್ಲ. ದುಪಟ್ಟಾ ಸೊಂಟಕ್ಕೆ ಕಟ್ಟಿ, ಮಣ್ಣಿನಲ್ಲಿ ಮಂಡಿಯೂರಿ, ಒಂದಾದ ಮೇಲೆ ಅದರ ಎದುರಿನದು ಎಂದು ನಾಲ್ಕನ್ನೂ ಬಿಗಿ ಮಾಡಿದೆ. ಇಲ್ಯಾಸ್ ಭಾಯ್ ಒಂದೊಂದಕ್ಕೂ ಪಾನಾ ಹಾಕಿ ನೋಡಿ ತಲೆಯಾಡಿಸಿದರು. ಆಮೇಲೆ ಉಳಿದ ಮೂರು ಚಕ್ರಗಳನ್ನೂ ಕೇಳದೆಯೇ ನಾನು ನೋಡಿದೆ. ಕರ್ನಲ್ ಕೈ ಕುಲುಕಲಿಲ್ಲ, ಬೈಯಲೂ ಇಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಹೊರಟುಹೋದರು. ಭಾನುವಾರ ಮಧ್ಯಾಹ್ನ ಒಂದು ಮೆಸೇಜ್ ಬಂತು: ಪರೇಡ್ ನೋಡಿದೆವು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕಂಪನಿಯ ಏರಿಯಾ ಮ್ಯಾನೇಜರ್ ವಿಚಾರಣೆಗೆ ಬಂದರು. ಗ್ರೋವರ್ ಸಾಹೇಬರು ಟೈಪ್ ಮಾಡಿಟ್ಟಿದ್ದ ವರದಿಯಲ್ಲಿ ಇದ್ದದ್ದು ಒಂದೇ ಹೆಸರು, ಇಲ್ಯಾಸ್. ಮೆಕ್ಯಾನಿಕ್‌ನ ಅಜಾಗ್ರತೆ ಎಂದು ಬರೆದಿತ್ತು. ಇಲ್ಯಾಸ್ ಭಾಯ್‌ಗೆ ಐವತ್ತು ದಾಟಿತ್ತು. ಅಲ್ಲಿಂದ ಹೊರಗೆ ಹಾಕಿದರೆ ಹೊಸ ಕಾರುಗಳ ವರ್ಕ್‌ಶಾಪಿನಲ್ಲಿ ಅವರನ್ನು ತಗೊಳ್ಳುವವರು ಯಾರೂ ಇರಲಿಲ್ಲ. ಅವರು ಸುಮ್ಮನೆ ಸಹಿ ಹಾಕಲು ತಯಾರಾಗಿದ್ದರು. ಮನೆಯಲ್ಲಿ ರಘುನಾಥರು, ಬಾಯಲ್ಲಿ ಏನು ಬೇಕಾದರೂ ಹೇಳು, ಬರೆದು ಮಾತ್ರ ಕೊಡಬೇಡ ಎಂದರು. ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ನೋಡಿದವರ ಬುದ್ಧಿ ಅದು, ತಪ್ಪಲ್ಲ. ನಾನು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಕೆಲಸದ ಮಧ್ಯೆ ಅವರನ್ನು ಕರೆದವಳು ನಾನು, ಒಂದು ಚಕ್ರ ಉಳಿದಿದೆ ಎಂದು ಅವರು ಹೇಳಿದ್ದರು, ನೋಡದೆ ಸಹಿ ಹಾಕಿದವಳೂ ನಾನೇ.

ಏರಿಯಾ ಮ್ಯಾನೇಜರ್ ಅದನ್ನು ಓದಿ ಗ್ರೋವರ್ ಸಾಹೇಬರ ಕಡೆ ತಳ್ಳಿದರು. ಗ್ರೋವರ್ ಸಾಹೇಬರು ತಮ್ಮ ವರದಿಯನ್ನು ಹರಿದುಹಾಕಿದರು. ಇಲ್ಯಾಸ್ ಭಾಯ್‌ಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಕೆಲಸ ಉಳಿಯಿತು. ನನ್ನನ್ನು ಕೌಂಟರಿನಿಂದ ತೆಗೆದು ಮತ್ತೆ ಫೋನಿನ ಮುಂದೆ ಕೂರಿಸಿದರು.

ಆ ನಾಲ್ಕು ತಿಂಗಳು ನನಗೆ ಬಹಳ ಕಷ್ಟವಾಯಿತು. ಗಾಜಿನ ಆಚೆ ಬೇರೆಯವರು ನನ್ನ ಕುರ್ಚಿಯಲ್ಲಿ ಕೂತು ಕಾರ್ಡ್ ಬರೆಯುವುದನ್ನು ನೋಡುತ್ತ ಅಪಾಯಿಂಟ್‌ಮೆಂಟ್ ಕೊಡುತ್ತಿದ್ದೆ. ಕೆಲಸ ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಹಾಗೆ ಒಂದು ದಿನ ಅಂಗಳಕ್ಕೆ ನೀಲಿ ಕಾರು ಬಂತು. ಐದು ಸಾವಿರ ಆಗಿತ್ತು. ಕರ್ನಲ್ ಕೌಂಟರಿಗೆ ಹೋಗಿ ನನ್ನನ್ನು ಕೇಳಿದರು. ಅವರು ಈಗ ಈ ಕೆಲಸದಲ್ಲಿಲ್ಲ, ನಾವು ನೋಡಿಕೊಳ್ಳುತ್ತೇವೆ ಎಂದು ಹೇಳಿದ್ದಕ್ಕೆ, ಪರವಾಗಿಲ್ಲ, ಕಾಯುತ್ತೇನೆ ಎಂದು ಪತ್ರಿಕೆ ಬಿಡಿಸಿಕೊಂಡು ಕೂತರು. ಹನ್ನೊಂದು ಗಂಟೆಯಿಂದ ಎರಡರ ತನಕ ಕೂತೇ ಇದ್ದರು. ಕೊನೆಗೆ ಗ್ರೋವರ್ ಸಾಹೇಬರೇ ಹೊರಗೆ ಬಂದು ಮಾತಾಡಿಸಿದರು.

"ಆಕೆ ಒಂದು ಸಲ ತಪ್ಪು ಮಾಡಿದ್ದಾರೆ," ಎಂದು ಕರ್ನಲ್ ಹೇಳಿದ್ದು ನನಗೆ ಗಾಜಿನ ಕಿಂಡಿಯಿಂದ ಕೇಳಿಸಿತು. "ಇನ್ನು ಜೀವಮಾನದಲ್ಲಿ ಮಾಡುವುದಿಲ್ಲ. ನಿಮ್ಮ ಉಳಿದವರ ವಿಷಯ ನನಗೆ ಗೊತ್ತಿಲ್ಲ."

ಗ್ರೋವರ್ ಸಾಹೇಬರು ನನ್ನ ಕಡೆ ತಿರುಗಿ, ಚಲೋ ಶಾರದಾ ಜೀ, ಬನ್ನಿ ಎಂದರು. ಅಷ್ಟೇ. ನಾನು ಹೋಗಿ ಕಾರ್ಡ್ ಬರೆದೆ. ಆ ವಾರದ ರಜೆಯ ದಿನ ಇಲ್ಯಾಸ್ ಭಾಯ್ ಜೊತೆ ಕರೋಲ್ ಬಾಗ್‌ಗೆ ಹೋಗಿ, ಸೈಕಲ್ ರಿಕ್ಷಾಗಳ ನಡುವೆ ನುಸುಳಿ, ಬಿಡಿಭಾಗದ ಅಂಗಡಿಯೊಂದರಲ್ಲಿ ಹಳದಿ ಪೇಂಟಿನ ಪೆನ್ನುಗಳನ್ನು ತಂದೆ. ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಚಕ್ರದ ಮೇಲೆ ಬರುವ ಹಾಗೆ ಒಂದು ಗೆರೆ. ಗೆರೆ ಇಲ್ಲದಿದ್ದರೆ ವೀಲ್ ಕ್ಯಾಪ್ ಹಾಕುವಂತಿಲ್ಲ. ಮುಂದೆ ಗೆರೆ ಮುರಿದಿದ್ದರೆ ನಟ್ಟು ಅಲುಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹೊತ್ತು ಹೋಗುತ್ತೆ ಎಂದು ಗೊಣಗಿದವರೂ ಎರಡು ತಿಂಗಳಲ್ಲಿ ಒಗ್ಗಿಕೊಂಡರು. ಮತ್ತೆ, ಕೆಲಸದ ಮಧ್ಯೆ ಇರುವ ಮೆಕ್ಯಾನಿಕನ್ನು ನಾನು ಎಂದೂ ಕರೆಯಲಿಲ್ಲ, ಗೇಟಿನಲ್ಲಿ ಯಾರ ಕಾರೇ ನಿಂತಿರಲಿ. ಈ ಕೆಲಸಕ್ಕೆ ಬರುವವರು ನನ್ನಿಂದ ಒಂದೇ ಮಾತು ತಗೊಳ್ಳುವುದಾದರೆ ಅದನ್ನೇ ತಗೊಳ್ಳಿ.

ವರ್ಷಗಳು ಕಳೆದವು. ಕಾರ್ಬನ್ ಹಾಳೆಯ ಜಾಬ್ ಕಾರ್ಡ್ ಹೋಗಿ ಕಂಪ್ಯೂಟರ್ ಬಂತು. ದೂರು ಬರೆಯುವ ಜಾಗದಲ್ಲಿ ಒಂದು ಪಟ್ಟಿ, ಅದರಲ್ಲಿ ಆರಿಸಿಕೊಳ್ಳಬೇಕು. ಗಿರಾಕಿಗಳಿಗೆ ಏಸಿ ಕೋಣೆ, ಸೋಫಾ, ಟಿವಿ. ಅವರು ಮೆಕ್ಯಾನಿಕ್‌ನ ಮುಖ ನೋಡುವುದು ನಿಂತಿತು. ಇಲ್ಯಾಸ್ ಭಾಯ್ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಊರಿಗೆ ಹೋದರು. ಹೋಗುವಾಗ ಉರ್ದು ಇಂಗ್ಲಿಷ್ ಎರಡೂ ಇದ್ದ ಆ ನೋಟ್‌ಬುಕ್ ತಾವೇ ತಗೊಂಡು ಹೋದರು, ಯಾರಿಗೂ ಕೊಡಲಿಲ್ಲ. ನನಗೂ ಸಾಕು ಅನ್ನಿಸತೊಡಗಿತ್ತು. ಮಾರ್ಚ್ ಕೊನೆಗೆ ಬಿಡುತ್ತೇನೆ ಎಂದು ಬರೆದುಕೊಟ್ಟೆ.

ಆ ಫೆಬ್ರವರಿಯಲ್ಲಿ ನೀಲಿ ಕಾರು ಬಂತು, ಬಹಳ ನಿಧಾನವಾಗಿ, ಮೊದಲನೇ ಗೇರಿನಲ್ಲಿ. ಓಡಿಸುತ್ತಿದ್ದವರು ದೇಚಮ್ಮನವರು. ಪಕ್ಕದ ಸೀಟು ಖಾಲಿ ಇತ್ತು. ಕರ್ನಲ್ ದಸರಾದ ಹೊತ್ತಿಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. ನನಗೆ ಗೊತ್ತೇ ಇರಲಿಲ್ಲ. ಮಗ ಗಡಿಯಲ್ಲಿದ್ದಾನೆ, ಕಾರು ಮಾರಿಬಿಡಿ ಅಂದ, ನಾನು ಆಗಲ್ಲ ಅಂದೆ ಎಂದರು. ಅರವತ್ತಮೂರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದರು. ದ್ವಾರಕಾದಿಂದ ಜನಕಪುರಿಗೆ ಒಬ್ಬರೇ ಬಂದದ್ದು ಅವತ್ತೇ ಮೊದಲು.

ಸರ್ವಿಸ್ ಮಾಡಿಸಬೇಕಾ ಆಂಟಿ ಎಂದು ಕೇಳಿದೆ. ಅಲ್ಲ ಎಂದರು. ಕಾರಿಗೆ ಏನೂ ಆಗಿಲ್ಲ. ಬಾನೆಟ್ ಮೇಲೆ ಕೈಯಿಟ್ಟು ಹೇಳಿದರು:

"ಭಾನುವಾರ ಬೆಳಿಗ್ಗೆ ಅವರು ಕೆಳಗೆ ಇಳಿದು ಹೋಗಿ ಬಾನೆಟ್ ಎತ್ತಿಕೊಂಡು ಅರ್ಧ ಗಂಟೆ ನಿಲ್ಲುತ್ತಿದ್ದರು. ತಿಂಡಿ ಆರುತ್ತೆ ಬನ್ನಿ ಅಂತ ಬಾಲ್ಕನಿಯಿಂದ ಕೂಗುತ್ತಿದ್ದೆ. ಅಲ್ಲಿ ಏನು ಮಾಡ್ತೀರಿ ಅಂತ ಒಂದು ದಿನವೂ ಕೇಳಲಿಲ್ಲ. ಅದನ್ನು ನನಗೆ ಹೇಳಿಕೊಡಿ."

ಕಾರನ್ನು ನೆರಳಿಗೆ ತರಿಸಿದೆ. ಬಾನೆಟ್ ಎತ್ತುವ ಕೊಕ್ಕೆ ಎಲ್ಲಿದೆ ಎಂಬಲ್ಲಿಂದ ಶುರು ಮಾಡಿದೆ. ಆಯಿಲ್ ನೋಡುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಎರಡು ಗುರುತಿನ ನಡುವೆ ಇರಬೇಕು ಎಂದು ತೋರಿಸಿದೆ. ರೇಡಿಯೇಟರಿನ ಮುಚ್ಚಳ ಬಿಸಿ ಇದ್ದಾಗ ಮುಟ್ಟಬಾರದು, ಪಕ್ಕದ ಡಬ್ಬಿಯಲ್ಲಿ ಮಟ್ಟ ನೋಡಿದರೆ ಸಾಕು. ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ಬಂದರೆ ಇಲ್ಲಿಗೆ ತನ್ನಿ. ಬ್ಯಾಟರಿ, ವೈಪರಿನ ನೀರು, ನಾಲ್ಕು ಟೈರು, ಐದನೆಯದಾಗಿ ಸ್ಟೆಪ್ನಿ. ಆಕೆ ಒಂದೊಂದನ್ನೂ ತಾವೇ ಮಾಡಿದರು. ಸೀರೆಯ ಸೆರಗು ಸಿಕ್ಕಿಸಿಕೊಂಡು, ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ವೀಲ್ ಕ್ಯಾಪ್ ತೆಗೆಯುವುದನ್ನೂ ಕಲಿತರು. ಎಲ್ಲ ಮುಗಿಯುವಾಗ ಗಂಟೆ ನೋಡಿದೆ. ಸರಿಯಾಗಿ ಹತ್ತು ನಿಮಿಷ ಆಗಿತ್ತು.

ಆಕೆಯೂ ನೋಡಿದರು. "ಹತ್ತೇ ನಿಮಿಷದ ಕೆಲಸ," ಎಂದರು. "ಉಳಿದ ಇಪ್ಪತ್ತು ನಿಮಿಷ?"

ಎಂಜಿನ್ ಚಾಲೂ ಮಾಡಲು ಹೇಳಿದೆ. ಆಕೆ ಒಳಗೆ ಕೂತು ಕೀಲಿ ತಿರುಗಿಸಿ, ಇಳಿದು ಬಂದು ನನ್ನ ಪಕ್ಕ ನಿಂತರು. ಹನ್ನೊಂದು ವರ್ಷದ ಎಂಜಿನ್ ಒಂದೇ ಹದದಲ್ಲಿ, ಒಂದು ಕೊಂಕೂ ಇಲ್ಲದೆ ತಿರುಗುತ್ತಿತ್ತು. ಅಷ್ಟು ಚೆನ್ನಾಗಿ ನೋಡಿಕೊಂಡ ಎಂಜಿನ್ ನನ್ನ ಇಡೀ ನೌಕರಿಯಲ್ಲಿ ಬಹಳ ನೋಡಿರಲಿಲ್ಲ. ನಾವಿಬ್ಬರೂ ಅದನ್ನು ಕೇಳುತ್ತ ನಿಂತೆವು. ಎಷ್ಟು ಹೊತ್ತು ಆಯಿತೋ. ಆಮೇಲೆ ಆಕೆ ಮೆಲ್ಲಗೆ ಬಾನೆಟ್ ಇಳಿಸಿ, ಎರಡೂ ಕೈಯಿಂದ ಒತ್ತಿ ಮುಚ್ಚಿ, ಸರಿ ಅಮ್ಮಾ, ಬರ್ತೀನಿ ಎಂದು ಹೇಳಿ ಕಾರು ಹತ್ತಿದರು. ಗೇಟಿನಲ್ಲಿ ನಿಂತು ಬಲಕ್ಕೂ ಎಡಕ್ಕೂ ನೋಡಿ, ಇಂಡಿಕೇಟರ್ ಹಾಕಿ, ಎರಡನೇ ಗೇರಿಗೆ ಬದಲಾಯಿಸಿ ರಸ್ತೆಗೆ ಇಳಿದರು.